ಎದುರು ಮಾತಾಡುವವರ ಹಡಗು

ಹೊರಗೆ ಸಾವಿರಾರು ಹಡಗುಗಳು ಒಂದರ ಮೇಲೊಂದು ಬೆಂಕಿ ಕಾರುತ್ತಿವೆ. ಒಳಗೆ, ಅವುಗಳನ್ನೆಲ್ಲ ನಡೆಸಬೇಕಾದ ಅಡ್ಮಿರಲ್ ತನ್ನ ಕುರ್ಚಿ ಬಿಟ್ಟು ಮೇಜಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾನೆ. ತಲೆಗೂದಲು ಕೆದರಿದೆ, ಟೋಪಿ ಓರೆಯಾಗಿದೆ. ಪಕ್ಕದಲ್ಲಿ ನಿಂತವರಿಗೆ ಇದೆಲ್ಲ ಅಭ್ಯಾಸವಾಗಿ ಹೋಗಿದೆ. ಒಬ್ಬನಿಗೆ ಮಾತ್ರ ಇನ್ನೂ ಅಭ್ಯಾಸವಾಗಿಲ್ಲ. ಅವನು ಮುಖ ಗಂಟಿಕ್ಕಿಕೊಂಡು ನಿಂತಿರುತ್ತಾನೆ, ಅಷ್ಟೇ.

ಮೇಜಿನ ಮೇಲೆ ಕೂತವನು ಯಾಂಗ್ ವೆನ್‌-ಲಿ. ಮುಖ ಗಂಟಿಕ್ಕಿದವನು ಅವನ ಮುಖ್ಯ ಸಲಹೆಗಾರ ಮುರಾಯ್. ಅನಿಮೆಯ, ಅಂದರೆ ಜಪಾನಿ ಅನಿಮೇಷನ್ ಸರಣಿಯ, ಹೆಸರು 'ಲೆಜೆಂಡ್ ಆಫ್ ದಿ ಗ್ಯಾಲಕ್ಟಿಕ್ ಹೀರೋಸ್'. ಜಪಾನಿನ ಯೊಶಿಕಿ ತನಾಕಾ 1982ರಿಂದ 1987ರವರೆಗೆ ಬರೆದ ಹತ್ತು ಸಂಪುಟಗಳ ಕಾದಂಬರಿಯಿಂದ ಹುಟ್ಟಿದ್ದು. 1988ರಿಂದ 1997ರವರೆಗೆ ನಾಲ್ಕು ಭಾಗಗಳಲ್ಲಿ, ಒಟ್ಟು 110 ಎಪಿಸೋಡ್ ಬಂದವು. ಟಿವಿಗೆಂದು ಮಾಡಿದ್ದಲ್ಲ, ವಿಡಿಯೊ ಕ್ಯಾಸೆಟ್‌ನಲ್ಲಿ ನೇರವಾಗಿ ನೋಡುಗರ ಮನೆಗೆ ಹೋದದ್ದು. ನಿರ್ದೇಶಕ ನೊಬೊರು ಇಶಿಗುರೊ ಇದಕ್ಕೂ ಮೊದಲು 'ಯಮಾಟೊ' ಮತ್ತು 'ಮಾಕ್ರಾಸ್'ನಂಥ ದೊಡ್ಡ ಬಾಹ್ಯಾಕಾಶ ಕಥೆಗಳಲ್ಲಿ ಕೈಯಾಡಿಸಿ ಬಂದವರು.

ಅವಸರ ಇಲ್ಲದಿರುವುದೇ ಇದರ ಮೊದಲ ಗುಣ. ಒಂದು ಯುದ್ಧ ಶುರುವಾಗುವ ಮುಂಚೆ ಅದಕ್ಕೆ ಅಕ್ಕಿ ಬೇಳೆ ಎಲ್ಲಿಂದ ಬರುತ್ತದೆ ಎಂಬ ಚರ್ಚೆ ನಡೆಯುತ್ತದೆ. ಮಂತ್ರಿಗಳು ಮತ ಹಾಕುತ್ತಾರೆ. ಯಾರೋ ಒಬ್ಬಳು ಹೆಂಗಸು ವೇದಿಕೆಯ ಕೆಳಗೆ ನಿಂತು, ಯುದ್ಧ ಬೇಕು ಅನ್ನುವ ಮಂತ್ರಿಯನ್ನು 'ನಿಮ್ಮ ಮನೆಯವರು ಎಲ್ಲಿದ್ದಾರೆ' ಎಂದು ಕೇಳುತ್ತಾಳೆ. ಹೀಗೆ ನಿಧಾನವಾಗಿ ಹಬ್ಬುವ ಕಥೆ. ಇದರಲ್ಲಿ ಅನ್ಯಗ್ರಹದ ಜೀವಿಗಳಿಲ್ಲ, ಮಾತಾಡುವ ರೋಬೋಟ್ ಗೆಳೆಯ ಇಲ್ಲ. 36ನೇ ಶತಮಾನದ ಕೊನೆಯಲ್ಲೂ ಮನುಷ್ಯರ ಜೊತೆ ಜಗಳವಾಡಲು ಮನುಷ್ಯರೇ ಇದ್ದಾರೆ.

ಕಥೆಯ ಹಿನ್ನೆಲೆ ಇಷ್ಟು. ಒಂದು ಕಡೆ ಗ್ಯಾಲಕ್ಟಿಕ್ ಸಾಮ್ರಾಜ್ಯ. ಇನ್ನೊಂದು ಕಡೆ, ಅಲ್ಲಿಂದ ತಪ್ಪಿಸಿಕೊಂಡು ಬಂದವರು ಕಟ್ಟಿಕೊಂಡ ಸ್ವತಂತ್ರ ಗ್ರಹಗಳ ಒಕ್ಕೂಟ. ನಡುವೆ ಇಬ್ಬರ ಜೊತೆಗೂ ವ್ಯಾಪಾರ ಮಾಡಿ ಬದುಕುವ ಫೆಜಾನ್. ಸಾಮ್ರಾಜ್ಯಕ್ಕೂ ಒಕ್ಕೂಟಕ್ಕೂ ಸುಮಾರು 150 ವರ್ಷದಿಂದ ಯುದ್ಧ. ಸಾಮ್ರಾಜ್ಯದ ಕಡೆ ರೈನ್‌ಹಾರ್ಡ್ ಎಂಬ ಚಿನ್ನದ ಕೂದಲಿನ ಹುಡುಗ, ಇಪ್ಪತ್ತರ ಆಸುಪಾಸಿನಲ್ಲೇ ಅಡ್ಮಿರಲ್, ಇಡೀ ಬ್ರಹ್ಮಾಂಡ ಗೆಲ್ಲಬೇಕೆಂದು ಹೊರಟವನು. ಒಕ್ಕೂಟದ ಕಡೆ ಯಾಂಗ್, ಇತಿಹಾಸ ಓದಿಕೊಂಡು ಟೀ ಕುಡಿದುಕೊಂಡು ಇರಬೇಕೆಂದು ಆಸೆಪಟ್ಟವನು. ಅಪ್ಪ ವ್ಯಾಪಾರಿ. ಅವನು ಸತ್ತ ಮೇಲೆ ನೋಡಿದರೆ, ಜೀವಮಾನವಿಡೀ ಕೂಡಿಟ್ಟಿದ್ದ ಪುರಾತನ ವಸ್ತುಗಳೆಲ್ಲ ಹೆಚ್ಚುಕಡಿಮೆ ನಕಲಿ. ಕೈಯಲ್ಲಿ ಕಾಸಿಲ್ಲ. ಪುಕ್ಕಟೆಯಾಗಿ ಇತಿಹಾಸ ಕಲಿಸುವ ಜಾಗ ಸೇನಾ ಅಕಾಡೆಮಿ ಒಂದೇ ಅಂತ ಅಲ್ಲಿ ಸೇರಿದ. ಆಮೇಲೆ ಆ ಇತಿಹಾಸ ವಿಭಾಗವನ್ನೇ ಮುಚ್ಚಿದರು.

ಮುಂದೆ ಓದುವ ಮೊದಲು ಒಂದು ಮಾತು. ಈ ಬರಹದಲ್ಲಿ ಯಾರು ಸಾಯುತ್ತಾರೆ ಅನ್ನುವುದನ್ನು ಹೇಳುತ್ತೇನೆ. ಅನಿಮೆಯೂ ಅದನ್ನು ಮುಚ್ಚಿಡುವುದಿಲ್ಲ. ಅದರ ನಿರೂಪಕ ಎಷ್ಟೋ ವರ್ಷಗಳ ನಂತರ ಕೂತು ಇತಿಹಾಸ ಹೇಳುವವನ ಹಾಗೆ, ಇನ್ನೂ ಆಗದೇ ಇರುವುದನ್ನು ಮೊದಲೇ ಹೇಳಿಬಿಡುತ್ತಾನೆ. ಆದರೂ ಏನೂ ತಿಳಿಯದೆ ನೋಡಬೇಕು ಅನ್ನುವವರು ಇಲ್ಲಿಗೇ ನಿಲ್ಲಿಸಿ, ನೋಡಿ ಬನ್ನಿ.

ರೈನ್‌ಹಾರ್ಡ್ ಬಗ್ಗೆ ಬರೆಯುವವರು ಬಹಳ ಜನ ಇದ್ದಾರೆ. ನನಗೆ ಬರೆಯಬೇಕೆನಿಸುವುದು ಯಾಂಗ್‌ನ ಜೊತೆಗಾರರ ಬಗ್ಗೆ. ಒಬ್ಬ ನಾಯಕನ ಸುತ್ತ ಎಂಥವರು ಇರಬೇಕು ಅಂತ ನಾನು ನೋಡಿದ ಯಾವ ಅನಿಮೆಯೂ ಇಷ್ಟು ಚೆನ್ನಾಗಿ ತೋರಿಸಿಲ್ಲ. ಈ ಜನರ ವಿಶೇಷ ಏನೆಂದರೆ, ಇವರು ತಮ್ಮ ಅಡ್ಮಿರಲ್‌ಗೆ ಎದುರು ಮಾತಾಡುತ್ತಾರೆ. ಗೇಲಿ ಮಾಡುತ್ತಾರೆ, ಬುದ್ಧಿ ಹೇಳುತ್ತಾರೆ, ಕೆಲವೊಮ್ಮೆ ಬೈಯುತ್ತಾರೆ. ಅವನಿಗಾಗಿ ಜೀವ ಕೊಡುವವರೂ ಇವರೇ.

ಮೊದಲು ಶೆನ್‌ಕಾಪ್. ರೋಸೆನ್ ರಿಟ್ಟರ್ ಎಂಬ ಪಡೆಯ ನಾಯಕ. ಸಾಮ್ರಾಜ್ಯದಿಂದ ಓಡಿಬಂದವರ ಮಕ್ಕಳೇ ತುಂಬಿದ ಪಡೆ ಅದು. ಹಿಂದಿನ ಹನ್ನೆರಡು ನಾಯಕರಲ್ಲಿ ಆರು ಮಂದಿ ಮತ್ತೆ ಶತ್ರುವಿನ ಕಡೆ ಹೋಗಿದ್ದಾರೆ. ಇವನು ಹದಿಮೂರನೆಯವನು. ಇಂಥವನ ಕೈಗೆ ಯಾಂಗ್ ತನ್ನ ಮೊದಲ ದೊಡ್ಡ ಕೆಲಸ ಕೊಡುತ್ತಾನೆ. ಇಸೆರ್ಲೋನ್ ಕೋಟೆಯನ್ನು ಹಿಡಿಯಬೇಕು. 60 ಕಿಲೋಮೀಟರ್ ವ್ಯಾಸದ ಕೃತಕ ಗೋಳ ಅದು. ಒಕ್ಕೂಟ ಎಷ್ಟೋ ಸಲ ಮುತ್ತಿಗೆ ಹಾಕಿ, ಹೆಣ ಎಣಿಸಿಕೊಂಡು ಹಿಂದೆ ಬಂದಿದೆ. ಯಾಂಗ್ ಹತ್ತಿರ ಇರುವುದು ಅರ್ಧ ನೌಕಾಪಡೆ. ಅವನ ಉಪಾಯ ಸರಳ: ಶೆನ್‌ಕಾಪ್ ಸಾಮ್ರಾಜ್ಯದ ಅಧಿಕಾರಿಯ ವೇಷ ಹಾಕಿ ಒಳಗೆ ನುಗ್ಗಬೇಕು. ಅವನೇನಾದರೂ ಆ ಕಡೆ ಸೇರಿಕೊಂಡರೆ ಎಲ್ಲರ ಕಥೆ ಮುಗಿಯಿತು.

ಹೊರಡುವ ಮುಂಚೆ ಶೆನ್‌ಕಾಪ್ ನೇರವಾಗಿ ಕೇಳುತ್ತಾನೆ. ಆಗದ ಕೆಲಸ ಯಾಕೆ ಒಪ್ಪಿಕೊಂಡೆ? ಹೆಸರಿಗಾ, ಬಡ್ತಿಗಾ? ಯಾಂಗ್ ದೊಡ್ಡ ಮಾತು ಆಡುವುದಿಲ್ಲ. ಈ ಕೋಟೆ ಸಿಕ್ಕರೆ ಶಾಂತಿ ಒಪ್ಪಂದಕ್ಕೆ ದಾರಿಯಾಗಬಹುದು, ಶಾಶ್ವತ ಶಾಂತಿ ಅಂತೇನೂ ಇಲ್ಲ, ಆದರೆ ಕೆಲವು ದಶಕ ನೆಮ್ಮದಿ ಸಿಗಬಹುದು ಅನ್ನುತ್ತಾನೆ. ನನ್ನ ಮನೆಯಲ್ಲಿ ಹದಿನಾಲ್ಕು ವರ್ಷದ ಹುಡುಗ ಇದ್ದಾನೆ, ಅವನು ಯುದ್ಧಕ್ಕೆ ಹೋಗುವುದನ್ನು ನೋಡಲು ನನಗಿಷ್ಟವಿಲ್ಲ ಅನ್ನುತ್ತಾನೆ. ಶೆನ್‌ಕಾಪ್‌ಗೆ ಅಷ್ಟು ಸಾಕು. ಕೋಟೆ ಸಿಗುತ್ತದೆ. ಯಾಂಗ್ ಕಡೆಯ ಒಬ್ಬನೂ ಸಾಯುವುದಿಲ್ಲ.

ಈ ದೃಶ್ಯವನ್ನು ಮತ್ತೆ ಹಾಕಿ ನೋಡಿದಾಗ ನಾನು ಗಮನಿಸಿದ್ದು ಶೆನ್‌ಕಾಪ್ ನಿಂತ ರೀತಿ. ಅಪ್ಪಣೆ ಪಡೆಯಲು ಬಂದ ಸೈನಿಕನ ಹಾಗೆ ಅವನು ನಿಂತಿಲ್ಲ. ಕೆಲಸ ಕೊಡುವವನನ್ನೇ ಪರೀಕ್ಷೆ ಮಾಡಲು ಬಂದವನ ಹಾಗಿದ್ದಾನೆ. ಯಾಂಗ್‌ಗೆ ಅದರಲ್ಲಿ ಅವಮಾನವೇನೂ ಕಾಣುವುದಿಲ್ಲ. ಪ್ರಾಣ ಪಣಕ್ಕಿಡುವವನು ಪ್ರಶ್ನೆ ಕೇಳುವುದು ಸಹಜ ತಾನೇ ಅಂತ ಉತ್ತರ ಕೊಡುತ್ತಾನೆ. ಇವರಿಬ್ಬರ ಸ್ನೇಹ ಶುರುವಾಗುವುದು ಅಲ್ಲಿ. ಆಮೇಲೆ ವರ್ಷಗಟ್ಟಲೆ ಶೆನ್‌ಕಾಪ್ ಒಂದೇ ರಾಗ ಹಾಡುತ್ತಾನೆ: ಈ ಹಾಳು ಸರ್ಕಾರವನ್ನು ಕಿತ್ತೆಸೆದು ನೀನೇ ಅಧಿಕಾರ ಹಿಡಿ. ಸೇನಾಧಿಕಾರಿ ಅಡ್ಮಿರಲ್‌ಗೆ ಬಾಯಿ ಬಿಟ್ಟು ಹೀಗೆ ಹೇಳುವುದು ರಾಜದ್ರೋಹ. ಯಾಂಗ್ ಬಂಧಿಸುವುದಿಲ್ಲ, ಒಪ್ಪುವುದೂ ಇಲ್ಲ. ಟೀಗೆ ಇನ್ನೊಂದಿಷ್ಟು ಬ್ರಾಂಡಿ ಹಾಕಿಕೊಳ್ಳುತ್ತಾನೆ.

ಮುರಾಯ್ ಇದಕ್ಕೆ ತದ್ವಿರುದ್ಧ. ನೆಟ್ಟಗೆ ನಿಲ್ಲುವವನು, ನಿಯಮ ಬಿಟ್ಟು ಅಲುಗಾಡದವನು. ಮೊದಲ ಸಲ ನೋಡುವಾಗ ಯಾರಿಗೂ ಇವನು ಇಷ್ಟವಾಗುವುದಿಲ್ಲ. ಉಳಿದವರೆಲ್ಲ ಹಾಸ್ಯ ಮಾಡುವಾಗ ಇವನೊಬ್ಬ ಗಂಟಲು ಸರಿಮಾಡಿಕೊಂಡು ಸಭೆಯನ್ನು ವಿಷಯಕ್ಕೆ ಎಳೆದು ತರುತ್ತಾನೆ. ಆದರೆ ಯಾಂಗ್ ಇವನನ್ನು ಬೇಕೆಂದೇ ಆರಿಸಿಕೊಂಡದ್ದು. ತನ್ನ ವಿಚಿತ್ರ ಯೋಜನೆಗಳಿಗೆ ಸಾಮಾನ್ಯ ಬುದ್ಧಿಯ ಪ್ರಶ್ನೆ ಕೇಳುವವನೊಬ್ಬ ಬೇಕು ಅಂತ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಇಂಥ ಒಬ್ಬರು ಮೇಡಂ ಇದ್ದರು. ಲೆಕ್ಕಪತ್ರ ನೋಡಿಕೊಳ್ಳುವವರು. ಎಲ್ಲರೂ ಹುರುಪಿನಿಂದ ತಲೆಯಾಡಿಸುವ ಮೀಟಿಂಗ್‌ನಲ್ಲಿ 'ಇದಕ್ಕೆ ದುಡ್ಡು ಯಾವ ಬಾಬ್ತಿನಿಂದ ತೆಗೀತೀರಿ?' ಅಂತ ಕೇಳುತ್ತಿದ್ದರು. ರೂಮಿನ ಉತ್ಸಾಹ ಸರ್ರನೆ ಇಳಿಯುತ್ತಿತ್ತು. ಅವರು ನಿವೃತ್ತರಾದ ಮೇಲೆ ಆ ಪ್ರಶ್ನೆ ಕೇಳುವವರು ಯಾರೂ ಉಳಿಯಲಿಲ್ಲ. ಮುರಾಯ್ ತೆರೆಯ ಮೇಲೆ ಬಂದಾಗೆಲ್ಲ ನನಗೆ ಅವರು ನೆನಪಾಗುತ್ತಾರೆ, ಗೌರವದಿಂದ.

ಆಮೇಲೆ ಅಟೆನ್‌ಬರೋ. ಪತ್ರಕರ್ತನಾಗಬೇಕು ಅಂದುಕೊಂಡಿದ್ದವನು, ಅಕಾಡೆಮಿಯಲ್ಲಿ ಯಾಂಗ್‌ಗಿಂತ ಕಿರಿಯ. ಯಾರು ಎಷ್ಟೇ ದೊಡ್ಡ ಮಾತಾಡಿದರೂ 'ಹಾಗಾದರೆ ಏನೀಗ?' ಅನ್ನುವುದೇ ಇವನ ಉತ್ತರ. ಶೋಕಿಗೆ ಮತ್ತು ಹುಚ್ಚಿಗೆ ಯುದ್ಧ ಮಾಡುತ್ತೇನೆ ಅಂತ ಹೇಳಿಕೊಂಡು ತಿರುಗುತ್ತಾನೆ. ಪಾಪ್ಲಿನ್ ಮತ್ತು ಕೊನೆವ್ ಎಂಬ ಇಬ್ಬರು ಪೈಲಟ್‌ಗಳು. ಪಾಪ್ಲಿನ್ ಬಾಯಿ ಮುಚ್ಚುವವನಲ್ಲ, ತನ್ನ ತುಕಡಿಗಳಿಗೆ ವಿಸ್ಕಿ, ವೋಡ್ಕಾ, ರಮ್ ಅಂತ ಹೆಸರಿಟ್ಟವನು. ಕೊನೆವ್ ಬಿಡುವು ಸಿಕ್ಕಾಗ ಪದಬಂಧ ಬಿಡಿಸುತ್ತಾ ಕೂರುವವನು. ಒಬ್ಬರನ್ನೊಬ್ಬರು ರೇಗಿಸುವುದು ಬಿಟ್ಟು ಇವರು ಬೇರೆ ಮಾತಾಡುವುದು ಕಡಿಮೆ. ವರ್ಮಿಲಿಯನ್ ಯುದ್ಧದಲ್ಲಿ ಕೊನೆವ್ ಸಾಯುತ್ತಾನೆ. ಅಲ್ಲಿಂದ ಮುಂದೆ ಪಾಪ್ಲಿನ್‌ನ ತಮಾಷೆಯಲ್ಲಿ ಏನೋ ಬದಲಾಗುತ್ತದೆ. ಮಾತು ಅಷ್ಟೇ ಇದೆ, ತಿರುಗಿ ಉತ್ತರ ಕೊಡುವವನಿಲ್ಲ. ಅನಿಮೆ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಟೋಶಿಯೊ ಫುರುಕಾವಾ ಅವರ ದನಿ ಹೇಳುತ್ತದೆ.

ದನಿ ಅಂದಾಗ ಹೇಳಲೇಬೇಕು. ಜಪಾನಿನ ಆ ಕಾಲದ ದೊಡ್ಡ ದೊಡ್ಡ ಧ್ವನಿ ಕಲಾವಿದರೆಲ್ಲ ಇದರಲ್ಲಿ ಇದ್ದಾರೆ. ಹೆಸರನ್ನೇ ತಿರುಗಿಸಿ, ಇದು ಗ್ಯಾಲಕ್ಸಿಯ ವೀರರ ಕಥೆಯಲ್ಲ, ಗ್ಯಾಲಕ್ಸಿಯ ದನಿಗಳ ಕಥೆ ಅಂತ ಅಲ್ಲಿಯ ಅಭಿಮಾನಿಗಳು ಕರೆಯುತ್ತಿದ್ದರು. ಯಾಂಗ್‌ಗೆ ದನಿ ಕೊಟ್ಟವರು ಕೇ ತೊಮಿಯಾಮಾ. ಆಲಸ್ಯ, ಬೇಸರ, ಮಮತೆ ಮೂರನ್ನೂ ಒಂದೇ ವಾಕ್ಯದಲ್ಲಿ ತರಬಲ್ಲ ದನಿ. ಅವರು 1995ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಯಾಂಗ್ ಸಾಯುವ ಎಪಿಸೋಡ್‌ಗೆ ಅವರು ಅಷ್ಟರಲ್ಲಿ ದನಿ ಕೊಟ್ಟಾಗಿತ್ತು. ಇದು ಗೊತ್ತಾದ ಮೇಲೆ ಆ ಎಪಿಸೋಡ್ ಮತ್ತೆ ನೋಡುವುದು ಕಷ್ಟ.

ಫ್ರೆಡೆರಿಕಾ ಗ್ರೀನ್‌ಹಿಲ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಎಲ್ ಫಸಿಲ್ ಎಂಬ ಗ್ರಹದಲ್ಲಿ 30 ಲಕ್ಷ ಜನ ಸಿಕ್ಕಿಹಾಕಿಕೊಂಡಾಗ, ದೊಡ್ಡ ಅಧಿಕಾರಿ ತನ್ನ ಪ್ರಾಣ ಉಳಿಸಿಕೊಳ್ಳಲು ಓಡಿಹೋಗಿದ್ದ. ಜನರನ್ನು ಕಾಪಾಡುವ ಹೊಣೆ 21 ವರ್ಷದ ಯಾಂಗ್ ತಲೆಗೆ ಬಂತು. ಓಡಿಹೋದವನ ಹಿಂದೆ ಶತ್ರು ಬಿದ್ದಾಗ, ಅದೇ ಹೊತ್ತಿಗೆ ಇವನು ಬೇರೆ ದಿಕ್ಕಿನಲ್ಲಿ ಜನರನ್ನು ಹೊರಡಿಸಿದ. ರೇಡಾರ್‌ನಿಂದ ಬಚ್ಚಿಟ್ಟುಕೊಳ್ಳುವ ಪ್ರಯತ್ನವನ್ನೇ ಮಾಡಲಿಲ್ಲ. ಇಷ್ಟು ರಾಜಾರೋಷವಾಗಿ ಕಾಣುವುದು ಹಡಗು ಆಗಿರಲಾರದು, ಉಲ್ಕೆಗಳ ಗುಂಪಿರಬೇಕು ಅಂತ ಶತ್ರು ಸುಮ್ಮನಾದ. ಆ ಗಡಿಬಿಡಿಯಲ್ಲಿ ಯಾಂಗ್ ನಿಂತುಕೊಂಡೇ ಸ್ಯಾಂಡ್‌ವಿಚ್ ತಿನ್ನುತ್ತಿದ್ದ. ಗಂಟಲಿಗೆ ಸಿಕ್ಕಿಹಾಕಿಕೊಂಡಿತು. ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಕಾಫಿ ಕೊಟ್ಟು ಬದುಕಿಸಿದಳು. ಕುಡಿದು ಸುಧಾರಿಸಿಕೊಂಡ ಮೇಲೆ ಅವನು, ಟೀ ಆಗಿದ್ದರೆ ಇನ್ನೂ ಚೆನ್ನಾಗಿತ್ತು ಅಂದ.

ಆ ಹುಡುಗಿಯೇ ಫ್ರೆಡೆರಿಕಾ. ವರ್ಷಗಳಾದ ಮೇಲೆ ಅವನ ಆಪ್ತ ಸಹಾಯಕಿಯಾಗಿ ಬರುತ್ತಾಳೆ. ಅವಳ ಅಪ್ಪ ಸೇನೆಯ ಹಿರಿಯ ಅಧಿಕಾರಿ. ಒಂದು ದಿನ ಅವನೇ ಸರ್ಕಾರದ ವಿರುದ್ಧ ದಂಗೆ ಎದ್ದವರ ಮುಖ್ಯಸ್ಥನಾಗುತ್ತಾನೆ. ದಂಗೆ ಅಡಗಿಸಬೇಕಾದವನು ಯಾಂಗ್. ಫ್ರೆಡೆರಿಕಾ ರಾಜೀನಾಮೆ ಕೊಡಲು ಬರುತ್ತಾಳೆ. ನಿನ್ನ ಅಪ್ಪ ಬೇರೆ ನೀನು ಬೇರೆ ಅಂತ ಯಾಂಗ್ ಭಾಷಣ ಬಿಗಿಯುವುದಿಲ್ಲ. ನನಗೆ ಮರೆವು ಜಾಸ್ತಿ, ನೀನಿಲ್ಲದಿದ್ದರೆ ಕಷ್ಟವಾಗುತ್ತದೆ ಅನ್ನುತ್ತಾನೆ. ಅಷ್ಟು ದೊಡ್ಡ ನಂಬಿಕೆಯನ್ನು ಇಷ್ಟು ಸಣ್ಣ ಮಾತಿನಲ್ಲಿ ಇಟ್ಟುಬಿಡುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ. ಮುಂದೆ ಇಬ್ಬರೂ ಮದುವೆಯಾಗುತ್ತಾರೆ. ಅವಳಿಗೆ ಚೆನ್ನಾಗಿ ಬರುವ ಅಡುಗೆ ಸ್ಯಾಂಡ್‌ವಿಚ್, ಹ್ಯಾಂಬರ್ಗರ್, ಕ್ರೇಪ್. ಏನನ್ನಾದರೂ ಏನರ ನಡುವೆಯಾದರೂ ಇಡುವ ಅಡುಗೆ ಮಾತ್ರ.

ಅದೇ ದಂಗೆಯ ಸಮಯದಲ್ಲಿ, ಯುದ್ಧಕ್ಕೆ ಮುಂಚೆ, ಯಾಂಗ್ ತನ್ನ ಸೈನಿಕರಿಗೆ ಹೇಳುವ ಮಾತು ನನಗೆ ತುಂಬ ಮುಖ್ಯ. ಪಣಕ್ಕಿರುವುದು ದೇಶದ ಉಳಿವು, ಅಷ್ಟೇ. ಒಬ್ಬ ಮನುಷ್ಯನ ಸ್ವಾತಂತ್ರ್ಯ ಮತ್ತು ಹಕ್ಕಿನ ಮುಂದೆ ಅದು ಅಂಥ ದೊಡ್ಡದೇನಲ್ಲ. ಆರಾಮಾಗಿ ಹೋರಾಡಿ. ಇದು ಅವನ ಉಪದೇಶದ ಸಾರ. ಪಾರ್ಟಿಗಳಲ್ಲಿ ಅವನ ಭಾಷಣ ಎರಡೇ ಸೆಕೆಂಡ್ ಇರುತ್ತದೆ ಅಂತ ಪ್ರಸಿದ್ಧಿ. ಆದರೆ ಬಾಯಿ ಬಿಟ್ಟಾಗ ಇಂಥದ್ದು ಬರುತ್ತದೆ. ದೇಶಕ್ಕಾಗಿ ಪ್ರಾಣ ಕೊಡಿ ಎಂದು ಮಂತ್ರಿಗಳು ಕಿರುಚುವ ಕಥೆಯೊಳಗೆ, ದೇಶದ ಅಡ್ಮಿರಲ್ಲೇ ಹೀಗೆ ಅನ್ನುತ್ತಾನೆ.

ಈಗ ಸಾಮ್ರಾಜ್ಯದ ಕಡೆ ನೋಡಿ. ರೈನ್‌ಹಾರ್ಡ್‌ನ ಜೊತೆಗಾರರು ಸಾಮಾನ್ಯರಲ್ಲ. ಮಿಟ್ಟರ್‌ಮೇಯರ್, ರಾಯೆಂಟಾಲ್, ಮ್ಯೂಲರ್, ಬಿಟೆನ್‌ಫೆಲ್ಡ್, ಒಬ್ಬೊಬ್ಬರ ಮೇಲೂ ಒಂದೊಂದು ಅನಿಮೆ ಮಾಡಬಹುದು. ನನ್ನ ತಮ್ಮ ಪೂರ್ತಿ ಆ ಪಕ್ಷ. 'ಅಕ್ಕ, ನಿನ್ನ ಯಾಂಗ್ ಕಡೆಯವರು ಬರೀ ಹರಟೆ ಹೊಡೀತಾರೆ. ಇವರು ನೋಡು, ಹೇಳಿದ್ದು ಹೇಳಿದ ಹೊತ್ತಿಗೆ ಮಾಡ್ತಾರೆ' ಅನ್ನುತ್ತಾನೆ. ಮಾತು ನಿಜ. ಅವನಿಗೆ ನನ್ನ ಉತ್ತರ ಯಾವಾಗಲೂ ಒಂದೇ: 23ನೇ ಎಪಿಸೋಡ್‌ನಿಂದ 26ರವರೆಗೆ ಇನ್ನೊಂದು ಸಲ ನೋಡು.

ಅಲ್ಲಿ ಕಿರ್ಖೈಸ್ ಇದ್ದಾನೆ. ರೈನ್‌ಹಾರ್ಡ್‌ನ ಬಾಲ್ಯದ ಗೆಳೆಯ, ಕೆಂಪು ಕೂದಲಿನ ಹುಡುಗ. ಸಾಮ್ರಾಜ್ಯದ ಒಳಗಿನ ಯುದ್ಧದಲ್ಲಿ ಒಬ್ಬ ಡ್ಯೂಕ್ ತನ್ನದೇ ಪ್ರಜೆಗಳಿರುವ ವೆಸ್ಟರ್‌ಲ್ಯಾಂಡ್ ಗ್ರಹದ ಮೇಲೆ ಅಣುಬಾಂಬ್ ಹಾಕಲು ಹೊರಡುತ್ತಾನೆ. 20 ಲಕ್ಷ ಜನ. ರೈನ್‌ಹಾರ್ಡ್‌ಗೆ ಮೊದಲೇ ಸುದ್ದಿ ಬರುತ್ತದೆ. ಸಲಹೆಗಾರ ಒಬರ್‌ಸ್ಟೈನ್ ಲೆಕ್ಕ ಹಾಕುತ್ತಾನೆ: ಬಾಂಬ್ ಬೀಳಲಿ, ಅದನ್ನು ಚಿತ್ರಿಸಿ ಎಲ್ಲರಿಗೂ ತೋರಿಸಿದರೆ ಯುದ್ಧ ಬೇಗ ಮುಗಿಯುತ್ತದೆ. ಬಾಂಬ್ ಬೀಳುತ್ತದೆ. ವಿಷಯ ತಿಳಿದ ಕಿರ್ಖೈಸ್ ಬಂದು ಕೇಳುತ್ತಾನೆ. ಅವನ ದನಿ ಏರುವುದಿಲ್ಲ. ಜನರಿಗಾಗಿ ನಾವು ಈ ದಾರಿ ಹಿಡಿದೆವಲ್ಲ, ನಮಗೂ ಹಳಬರಿಗೂ ಆಗ ವ್ಯತ್ಯಾಸ ಏನು ಎಂಬುದು ಅವನ ಪ್ರಶ್ನೆಯ ಅರ್ಥ. ರೈನ್‌ಹಾರ್ಡ್‌ಗೆ ಉತ್ತರ ಇಲ್ಲ. ತಾನು ತಪ್ಪು ಅಂತ ಅವನಿಗೆ ಗೊತ್ತು, ಅದಕ್ಕೇ ಕೋಪ. ನೀನು ನನಗೆ ಏನಾಗಬೇಕು ಅಂತ ತಿರುಗಿ ಕೇಳುತ್ತಾನೆ. ಕಿರ್ಖೈಸ್, ನಿಮ್ಮ ನಿಷ್ಠಾವಂತ ಕೆಳಗಿನ ಅಧಿಕಾರಿ ಅನ್ನುತ್ತಾನೆ.

ಗೆಳೆಯ ಅನ್ನಬೇಕಾಗಿದ್ದ ಜಾಗದಲ್ಲಿ ಆ ಮಾತು ಬಂದದ್ದನ್ನು ಕೇಳಿದರೆ ಈಗಲೂ ಹೊಟ್ಟೆ ತೊಳಸುತ್ತದೆ. ಅದಾದ ಸ್ವಲ್ಪ ದಿನಕ್ಕೇ ವಿಜಯದ ಸಮಾರಂಭ. ಅದುವರೆಗೆ ಕಿರ್ಖೈಸ್‌ಗೆ ಮಾತ್ರ ಆಯುಧ ಹಿಡಿದು ಒಳಬರಲು ಅನುಮತಿ ಇತ್ತು. ಆ ದಿನ ಅದನ್ನು ತೆಗೆದಿರುತ್ತಾರೆ. ಎಲ್ಲರೂ ಒಂದೇ, ನೀನೊಬ್ಬ ಬೇರೆ ಅಲ್ಲ. ಕೊಲೆಗಾರ ರೈನ್‌ಹಾರ್ಡ್ ಮೇಲೆ ಗುರಿ ಇಟ್ಟಾಗ ಕಿರ್ಖೈಸ್ ಬರಿಗೈಯಲ್ಲಿ ಅಡ್ಡ ಹೋಗುತ್ತಾನೆ. ಹುಡುಗನಿಗೆ 21 ವರ್ಷ.

ರೈನ್‌ಹಾರ್ಡ್‌ಗೆ ಎದುರು ನಿಂತು ಮಾತಾಡುವ ಹಕ್ಕಿದ್ದವನು ಅವನೊಬ್ಬನೇ. ಅವನು ಹೋದ ಮೇಲೆ ಸಾಮ್ರಾಜ್ಯ ಇನ್ನೂ ಬಲವಾಗುತ್ತದೆ, ಗೆಲ್ಲುತ್ತಾ ಹೋಗುತ್ತದೆ. ರೈನ್‌ಹಾರ್ಡ್ ಚಕ್ರವರ್ತಿಯೂ ಆಗುತ್ತಾನೆ. ಆದರೆ ಯಾಕೆ ಯುದ್ಧ ಮಾಡುತ್ತಿದ್ದೇವೆ ಅಂತ ಕೇಳುವವರಿಲ್ಲ. ಹಿಲ್ಡಾ ಎಂಬ ಜಾಣೆ ಸ್ವಲ್ಪ ಮಟ್ಟಿಗೆ ಆ ಕೆಲಸ ಮಾಡುತ್ತಾಳೆ, ಅವಳ ಮಾತನ್ನು ಅವನು ಎಲ್ಲ ಸಲವೂ ಕೇಳುವುದಿಲ್ಲ. ಉಳಿದವರದ್ದು ನಿಷ್ಠೆ. ಚಿನ್ನದಂಥ ನಿಷ್ಠೆ, ಒಪ್ಪುತ್ತೇನೆ. ಆ ನಿಷ್ಠೆಯೇ ಬಲಿತು ರಾಯೆಂಟಾಲ್‌ನ ದಂಗೆಯಾಗುವುದನ್ನೂ ಈ ಕಥೆ ತೋರಿಸುತ್ತದೆ, ಅದು ಇನ್ನೊಂದು ಬರಹಕ್ಕಾಗುವಷ್ಟು ದೊಡ್ಡ ವಿಷಯ.

ಯಾಂಗ್ ಕಡೆ ಇದೇ ಪರೀಕ್ಷೆ ವರ್ಮಿಲಿಯನ್‌ನಲ್ಲಿ ಬರುತ್ತದೆ. ಇಬ್ಬರು ನಾಯಕರೂ ಮುಖಾಮುಖಿ. ದಿನಗಟ್ಟಲೆ ಯುದ್ಧ. ಕೊನೆಗೆ ರೈನ್‌ಹಾರ್ಡ್ ಇರುವ ಬ್ರುನ್‌ಹಿಲ್ಡ್ ಹಡಗು ಯಾಂಗ್‌ನ ಗುರಿಯೊಳಗೆ ಬರುತ್ತದೆ. ಒಂದು ಆಜ್ಞೆ ಕೊಟ್ಟರೆ 150 ವರ್ಷದ ಯುದ್ಧದ ದಿಕ್ಕೇ ಬದಲಾಗುತ್ತದೆ. ಆ ಹೊತ್ತಿಗೆ ರಾಜಧಾನಿಯಿಂದ ಕದನ ವಿರಾಮದ ಆದೇಶ ಬರುತ್ತದೆ. ಶತ್ರು ಪಡೆ ರಾಜಧಾನಿಯ ನೆತ್ತಿಯ ಮೇಲೆ ಬಂದು ನಿಂತಿದೆ, ಸರ್ಕಾರ ಶರಣಾಗಿದೆ. ಆದೇಶ ಕೊಟ್ಟವನು ಟ್ರೂನಿಖ್ಟ್, ಯಾಂಗ್ ಅತ್ಯಂತ ಅಸಹ್ಯಪಡುವ ರಾಜಕಾರಣಿ. ಶೆನ್‌ಕಾಪ್ ಎಲ್ಲರೆದುರೂ ಹೇಳುತ್ತಾನೆ: ಕೇಳಿಸಲಿಲ್ಲ ಅನ್ನು, ಗುಂಡು ಹಾರಿಸು, ಮೂರೂ ಲೋಕ ನಿನ್ನದಾಗುತ್ತದೆ. ಯಾಂಗ್ ತುಸು ಹೊತ್ತು ಸುಮ್ಮನಿರುತ್ತಾನೆ. ಅದೂ ಒಂದು ದಾರಿಯೇ, ಆದರೆ ನನ್ನ ಅಳತೆಯ ಅಂಗಿಯಲ್ಲ ಎಂಬರ್ಥದ ಉತ್ತರ ಕೊಟ್ಟು ಯುದ್ಧ ನಿಲ್ಲಿಸುತ್ತಾನೆ.

ಇಲ್ಲಿ ನಾನು ಮೊದಲು ಶೆನ್‌ಕಾಪ್ ಪಕ್ಷದಲ್ಲಿದ್ದೆ. ಬಹಳ ಜನ ಅಲ್ಲೇ ಇರುತ್ತಾರೆ, ಅಲ್ವಾ? ಗೆಲುವು ಬಾಯಿಗೆ ಬಂದಾಗ ಉಗುಳುವವನನ್ನು ನೋಡಿದರೆ ಮೈ ಉರಿಯುತ್ತದೆ. ಈಗ ಆ ದೃಶ್ಯ ನನಗೆ ಬೇರೆಯಾಗಿ ಕಾಣುತ್ತದೆ. ತನಗಿಷ್ಟವಿಲ್ಲದ ಸರ್ಕಾರದ ಆದೇಶವನ್ನು ಸೇನೆ ತನಗೆ ತೋಚಿದಾಗ ಪಾಲಿಸುವುದು, ಬೇಡವೆನಿಸಿದಾಗ ಬಿಡುವುದು ಶುರುವಾದರೆ, ಆ ಸೇನೆ ಕಾಪಾಡಲು ಹೊರಟದ್ದು ಏನೂ ಉಳಿಯುವುದಿಲ್ಲ. ಯಾಂಗ್‌ಗೆ ಅದು ಗೊತ್ತು, ಯಾಕೆಂದರೆ ಅವನು ಇತಿಹಾಸ ಓದಿದವನು. ನನಗೆ ಅಷ್ಟೇ ಮುಖ್ಯವಾದದ್ದು ಇನ್ನೊಂದು. ಶೆನ್‌ಕಾಪ್ ಆ ಮಾತನ್ನು ಹೇಳಿದ. ಗಟ್ಟಿಯಾಗಿ ಹೇಳಿದ. ಯಾಂಗ್ ಕೇಳಿದ, ತೂಗಿ ನೋಡಿದ, ಬೇಡವೆಂದ. ಯಾರೂ ಯಾರ ಬಾಯಿಯನ್ನೂ ಮುಚ್ಚಿಸಲಿಲ್ಲ. ಆ ಹಡಗಿನೊಳಗೆ ಪ್ರಜಾಪ್ರಭುತ್ವ ಬದುಕಿತ್ತು. ರಾಜಧಾನಿಯಲ್ಲಿ ಅದು ಆಗಲೇ ಸತ್ತಿತ್ತು.

ಯಾಂಗ್ ಸಾಯುವುದು 82ನೇ ಎಪಿಸೋಡ್‌ನಲ್ಲಿ. ಯುದ್ಧದಲ್ಲಲ್ಲ. ರೈನ್‌ಹಾರ್ಡ್ ಜೊತೆ ಶಾಂತಿ ಮಾತುಕತೆಗೆ ಹೋಗುವ ದಾರಿಯಲ್ಲಿ, ಭೂಮಿಯನ್ನು ಪೂಜಿಸುವ ಪಂಥದ ಕೊಲೆಗಾರರು ಹಡಗಿಗೆ ನುಗ್ಗುತ್ತಾರೆ. ದಪ್ಪ ದೇಹದ ನಗುಮುಖದ ಪಾತ್ರಿಚೆವ್, ಸಭೆಗಳಲ್ಲಿ 'ಹೌದೌದು' ಅನ್ನುವುದರಲ್ಲೇ ಮುಗಿದುಹೋಗುತ್ತಿದ್ದವನು, ಯಾಂಗ್‌ನನ್ನು ಒಳಗೆ ತಳ್ಳಿ ಬಾಗಿಲಿಗೆ ತನ್ನ ಮೈಯನ್ನೇ ಅಡ್ಡ ಇಟ್ಟು ನಿಲ್ಲುತ್ತಾನೆ. ಯಾಂಗ್‌ಗೆ ಗುಂಡು ತಗಲುವುದು ಎಡತೊಡೆಗೆ. ಖಾಲಿ ಕಾರಿಡಾರ್‌ನಲ್ಲಿ ಗೋಡೆಗೆ ಒರಗಿ ಕೂರುತ್ತಾನೆ, ರಕ್ತ ಹರಿಯುತ್ತದೆ. ಹೆಂಡತಿಗೆ, ತಾನು ಸಾಕಿದ ಹುಡುಗ ಜೂಲಿಯನ್‌ಗೆ, ಎಲ್ಲರಿಗೂ ಮನಸ್ಸಿನಲ್ಲೇ ಕ್ಷಮೆ ಕೇಳುತ್ತಾನೆ. ಜೂನ್ 1ರ ನಸುಕಿನ 2 ಗಂಟೆ 55 ನಿಮಿಷ. 33 ವರ್ಷ ವಯಸ್ಸು. ಇಷ್ಟು ದೊಡ್ಡ ಸೇನಾನಾಯಕನ ಸಾವಿನಲ್ಲಿ ಒಂದು ಸ್ಫೋಟವೂ ಇಲ್ಲ.

ಇನ್ನೂ 28 ಎಪಿಸೋಡ್ ಬಾಕಿ ಇವೆ. ಇಲ್ಲಿಗೆ ನೋಡುವುದನ್ನು ನಿಲ್ಲಿಸಿದವರು ನನಗೆ ಗೊತ್ತು. ದಯವಿಟ್ಟು ನಿಲ್ಲಿಸಬೇಡಿ. ಈ ಜೊತೆಗಾರರು ಏನು ಅನ್ನುವುದು ತಿಳಿಯುವುದು ಆ 28ರಲ್ಲಿ.

ಮೊದಲ ಪ್ರಶ್ನೆ, ಮುಂದೆ ಯಾರು? ಸೇನೆಯ ಸರಬರಾಜು ನೋಡಿಕೊಳ್ಳುವ ಕಾಸೆಲ್ನ್, ಅಟೆನ್‌ಬರೋ, ಶೆನ್‌ಕಾಪ್ ಎಲ್ಲರೂ ಅನುಭವಸ್ಥರು. ಯಾಂಗ್‌ನ ಜಾಗಕ್ಕೆ ಅವರು ಆರಿಸುವುದು 18 ವರ್ಷದ ಜೂಲಿಯನ್‌ನನ್ನು. ಯಾವ ಹುಡುಗ ಯುದ್ಧಕ್ಕೆ ಹೋಗಬಾರದು ಅಂತ ಯಾಂಗ್ ಇಸೆರ್ಲೋನ್ ಹಿಡಿದನೋ, ಅದೇ ಹುಡುಗ. ಸೈನಿಕನ ಅನಾಥ ಮಗ, ತನಗಿಂತ ದೊಡ್ಡ ಪೆಟ್ಟಿಗೆ ಎಳೆದುಕೊಂಡು ಯಾಂಗ್ ಮನೆಗೆ ಬಂದವನು, ಒಳ್ಳೆಯ ಟೀ ಮಾಡುವವನು. ರಾಜಕೀಯದ ಹೊಣೆ ಫ್ರೆಡೆರಿಕಾ ಹೊರುತ್ತಾಳೆ. ಎಷ್ಟೋ ಜನರಿಗೆ ಇದು ಇಷ್ಟವಾಗುವುದಿಲ್ಲ. ಯಾಂಗ್‌ಗಾಗಿ ಬಂದಿದ್ದೆವು, ಮಗುವಿಗಾಗಿ ಅಲ್ಲ ಅನ್ನುತ್ತಾರೆ. ಬಿಟ್ಟು ಹೋಗಬೇಕು ಅನಿಸುತ್ತದೆ, ಹೋಗಲು ನಾಚಿಕೆ.

ಆಗ ಮುರಾಯ್ ನಾನು ಹೊರಡುತ್ತೇನೆ ಅನ್ನುತ್ತಾನೆ. ನಿಯಮದ ಮನುಷ್ಯ, ಕಷ್ಟಕಾಲದಲ್ಲಿ ಕೈಬಿಟ್ಟ ಅಂತ ಜನ ಮಾತಾಡುತ್ತಾರೆ. ಅವನು ಸಮರ್ಥನೆ ಕೊಡುವುದಿಲ್ಲ. ಹೋಗಬೇಕು ಅಂದುಕೊಂಡವರನ್ನೆಲ್ಲ ಜೊತೆಗೆ ಕರೆದುಕೊಂಡು ಹೋಗುತ್ತಾನೆ. ಮುಖ್ಯ ಸಲಹೆಗಾರನೇ ಹೋದ ಮೇಲೆ ನಾನು ಹೋದರೇನು ಅಂತ ಅವರಿಗೆ ಸಮಾಧಾನ. ಉಳಿದವರು ಮನಸ್ಸಿಟ್ಟು ಉಳಿದವರು. ಕೆಟ್ಟ ಹೆಸರನ್ನು ತನ್ನ ತಲೆಗೆ ಕಟ್ಟಿಕೊಂಡು ಅವನು ಹುಡುಗನ ದಾರಿ ಸುಗಮ ಮಾಡಿಕೊಟ್ಟ. ಅವನನ್ನು ಸದಾ ಗೇಲಿ ಮಾಡುತ್ತಿದ್ದ ಅಟೆನ್‌ಬರೋಗೆ ಇದು ಅರ್ಥವಾಗುತ್ತದೆ. ಇಡೀ 110 ಎಪಿಸೋಡ್‌ನಲ್ಲಿ ನನ್ನ ಮೆಚ್ಚಿನ ಕೆಲಸ ಯಾವುದು ಅಂತ ಯಾರಾದರೂ ಕೇಳಿದರೆ ಇದೇ. ಇದರಲ್ಲಿ ಒಂದು ಗುಂಡೂ ಹಾರುವುದಿಲ್ಲ.

ಕೊರತೆಗಳಿಲ್ಲವೇ? ಇವೆ. ಹೆಂಗಸರು ತೀರ ಕಡಿಮೆ. ಫ್ರೆಡೆರಿಕಾಳಂಥ ಜಾಣೆಗೂ ಯಾಂಗ್ ಬದುಕಿರುವಷ್ಟು ದಿನ ಸ್ವಂತ ಅಭಿಪ್ರಾಯಗಳಿಗೆ ಜಾಗ ಸಿಗುವುದಿಲ್ಲ, ಅದು ನನಗೆ ನಿಜವಾಗಿ ಬೇಸರ. ಹಡಗುಗಳು ಸಾಲಾಗಿ ಚದುರಂಗದ ಕಾಯಿಗಳ ಹಾಗೆ ನಿಲ್ಲುತ್ತವೆ, ಬಾಹ್ಯಾಕಾಶದಲ್ಲಿ ಮೇಲೆ ಕೆಳಗೆ ಎಂಬುದೇ ಇಲ್ಲವೇನೋ ಅನ್ನುವ ಹಾಗೆ. 40ನೇ ಎಪಿಸೋಡ್ ಪೂರ್ತಿ ಇತಿಹಾಸದ ಪಾಠ. ನನಗೆ ಅದು ಇಷ್ಟ, ಎಲ್ಲರಿಗೂ ಆಗಲಿಕ್ಕಿಲ್ಲ. ಹಳೆಯ ಚಿತ್ರದ ಶೈಲಿ ಹಿಡಿಸದವರಿಗೆ 2018ರಿಂದ ಪ್ರೊಡಕ್ಷನ್ ಐಜಿ ಮಾಡುತ್ತಿರುವ ಹೊಸ ಆವೃತ್ತಿ ಇದೆ. ನೋಡಲು ಸೊಗಸಾಗಿದೆ. ಆದರೆ ಅದರಲ್ಲಿ ಎಲ್ಲರೂ ಚೆಂದದ ಹುಡುಗರಾಗಿಬಿಟ್ಟಿದ್ದಾರೆ. ಹಳೆಯದರ ಆ ವಯಸ್ಸಾದ, ದಣಿದ ಮುಖಗಳು ನನಗೆ ಬೇಕು. ಹಿನ್ನೆಲೆಗೆ ಮಾಹ್ಲರ್, ಬ್ರುಕ್ನರ್, ದ್ವೋರ್ಝಾಕ್ ಸಂಗೀತ ಕೂಡ ಹಳೆಯದರಲ್ಲೇ. ಎಲ್ಲಿಂದ ಶುರು ಮಾಡಲಿ ಅನ್ನುವವರು 1988ರ ಮೊದಲ ಸಿನಿಮಾ ನೋಡಿ, ಒಂದು ಇಡೀ ಯುದ್ಧ ರಾವೆಲ್‌ನ 'ಬೊಲೆರೊ' ಜೊತೆ ಕಟ್ಟಿದ್ದಾರೆ. ಆಮೇಲೆ ಎಪಿಸೋಡ್‌ಗಳು.

ಕಥೆಯ ಕೊನೆಗೆ ಜೂಲಿಯನ್ ಬ್ರುನ್‌ಹಿಲ್ಡ್ ಹಡಗಿಗೇ ನುಗ್ಗುತ್ತಾನೆ. ದಾರಿಯಲ್ಲಿ ಶೆನ್‌ಕಾಪ್ ಸಾಯುತ್ತಾನೆ, ಮೆಟ್ಟಿಲು ಹತ್ತಿ ಎತ್ತರದಲ್ಲಿ ಕೂತು. ರಕ್ತದಲ್ಲಿ ತೊಯ್ದ ಜೂಲಿಯನ್ ಕಡೆಗೂ ಚಕ್ರವರ್ತಿಯ ಮುಂದೆ ನಿಂತಾಗ, ಅಲ್ಲಿರುವುದು ಕಾಯಿಲೆಯಿಂದ ಸಾಯುತ್ತಿರುವ 25ರ ಹುಡುಗ. ಯುದ್ಧ ನಿಲ್ಲುತ್ತದೆ. ಫೆಜಾನ್‌ಗೆ ಹೋಗುವ ದಾರಿಯುದ್ದಕ್ಕೂ ಇಬ್ಬರೂ ಮಾತಾಡುತ್ತಾರೆ. ನಿಮ್ಮ ಸಾಮ್ರಾಜ್ಯಕ್ಕೆ ಸಂವಿಧಾನ ಇರಲಿ, ಸಂಸತ್ತು ಇರಲಿ, ನಿಮ್ಮ ನಂತರ ದಡ್ಡನೊಬ್ಬ ಬಂದರೂ ಜನ ಬದುಕಿಕೊಳ್ಳಬೇಕಲ್ಲ ಎಂಬುದು ಜೂಲಿಯನ್ ವಾದ. ರೈನ್‌ಹಾರ್ಡ್ ಕೇಳಿಸಿಕೊಳ್ಳುತ್ತಾನೆ. ಮಾತು ಕೊಡುವುದಿಲ್ಲ.

ಮೊನ್ನೆ ತಮ್ಮ ಫೋನ್ ಮಾಡಿದಾಗ ಕೇಳಿದ. 'ಅಕ್ಕ, ರೈನ್‌ಹಾರ್ಡ್ ಇನ್ನೊಂದು ಹತ್ತು ವರ್ಷ ಬದುಕಿದ್ದಿದ್ರೆ ಆ ಸಂವಿಧಾನ ಕೊಡ್ತಿದ್ದ ಅಲ್ವಾ?' ಕೊಡುತ್ತಿರಲಿಲ್ಲ ಅಂದೆ. ಅವನಿಗೆ ಅಧಿಕಾರದ ಆಸೆ ಅಂತಲ್ಲ. ಅವನಿಗೆ ಯುದ್ಧ ಬೇಕಿತ್ತು, ತನಗೆ ಸರಿಸಮನಾದ ಶತ್ರು ಬೇಕಿತ್ತು. ಕೂತು ಕರಡು ತಿದ್ದುವುದು, ಬೇಡದ ಪ್ರಶ್ನೆಗಳಿಗೆ ದಿನವೂ ಉತ್ತರಿಸುವುದು ಅವನ ಸ್ವಭಾವದಲ್ಲಿ ಇರಲಿಲ್ಲ. ಅದಕ್ಕೆ ಹಿಲ್ಡಾ ಬೇಕು, ಆಚೆ ಕಡೆ ಫ್ರೆಡೆರಿಕಾ, ಜೂಲಿಯನ್, ಕಾಸೆಲ್ನ್ ಬೇಕು. ತಮ್ಮ ಒಪ್ಪಲಿಲ್ಲ. ಕಿರ್ಖೈಸ್ ಇದ್ದಿದ್ದರೆ ಆಗ? ಅಂದ. ಕಿರ್ಖೈಸ್ ಇದ್ದಿದ್ದರೆ ಕೊಡುತ್ತಿದ್ದ ಅಂತ ಒಪ್ಪಿಕೊಂಡೆ. ಯಾಕೆಂದರೆ ಅವನು ದಿನಾ ಕೇಳುತ್ತಿದ್ದ.